ಗಡಿಯಾರದಮ್ಮ ಕುಡಿಯದ ಕಾಫಿ

ಶಿಷ್ಯೆ ಕೇಳಿದಳು: "ಗುರುಗಳೇ, ನನ್ನ ಹಾಡು ಚೆನ್ನಾಗಿದೆ ಎಂದು ನಾನೇ ಅಂದುಕೊಂಡರೆ ಅದು ಅಹಂಕಾರವಲ್ಲವೇ?"

ಬೆಳಗಿನ ಪಾಠ ಆಗಷ್ಟೇ ಮುಗಿದಿತ್ತು. ಗುರುಗಳು ತಂಬೂರಿಯ ತಂತಿ ಸಡಿಲಿಸುತ್ತಿದ್ದರು. "ಯಾಕೆ ಕೇಳುತ್ತೀ?" ಎಂದರು.

"ಕೆಳಗಿನ ಊರಿನವರು ಬಂದಿದ್ದರು. ಅವರ ಗ್ರಂಥಾಲಯಕ್ಕೆ ಹೊಸ ಕಟ್ಟಡ ಆಗಿದೆಯಂತೆ. ಅದನ್ನು ತೆರೆಯುವ ದಿನ ನಾನೇ ಹಾಡಬೇಕಂತೆ. ಅಷ್ಟು ಜನರ ಮುಂದೆ ನನ್ನಂಥವಳ ಹಾಡು ಯಾಕೆ? ನಗರದಿಂದ ಹೆಸರಾದವರನ್ನು ಯಾರನ್ನಾದರೂ ಕರೆಸಿಕೊಳ್ಳಿ ಎಂದು ಹೇಳಿಕಳಿಸೋಣ ಅಂತಿದ್ದೇನೆ. ವಿನಯ ಅಂದರೆ ಅದೇ ಅಲ್ಲವೇ?"

ಕೇಳುತ್ತಲೇ ಅವಳು ಗುರುಗಳ ಮುಖ ನೋಡಿದಳು. ಹಾಡುವಾಗಲೂ ಅವಳು ಹಾಗೆಯೇ. ಒಂದೊಂದು ಸಾಲು ಮುಗಿದಾಗಲೂ ತಪ್ಪಿತೇನೋ ಎಂದು ಅವರ ಮುಖವನ್ನೇ ನೋಡುತ್ತಿದ್ದಳು.

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿದರು. "ಕೂತುಕೋ" ಎಂದರು. "ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನ ಹೆಂಡತಿ ಕಾಫಿ ಮಾಡುತ್ತಿದ್ದಳು. ಅವಳ ಕತೆ ಕೇಳು."

ಶಿಷ್ಯೆ ಕೂತಳು. ಗುರುಗಳು ಹೇಳತೊಡಗಿದರು.

ಒಂದು ಪೇಟೆ ಬೀದಿ. ಬೀದಿಗೆ ಮುಖ ಮಾಡಿ ಗಡಿಯಾರದ ಅಂಗಡಿ. ಅಂಗಡಿಯ ಹಿಂದೆ ಮನೆ. ನಡುವೆ ಒಂದು ಪರದೆ. ಪರದೆಯ ಆಚೆ ಗಂಡ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಿದ್ದ. ಈಚೆ ಹೆಂಡತಿ ಒಲೆಯ ಮುಂದೆ ನಿಲ್ಲುತ್ತಿದ್ದಳು. ತಾಯಿ ತಂದೆ ಇಟ್ಟ ಹೆಸರು ಅವಳಿಗೂ ಒಂದಿತ್ತು. ಆದರೆ ಊರಿನವರ ಬಾಯಲ್ಲಿ ಅವಳು ಗಡಿಯಾರದಮ್ಮ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಗಡಿಯಾರ ಹಿಡಿದು ಬಂದವರು ಕಾಫಿ ಕುಡಿಯದೆ ಮೆಟ್ಟಿಲು ಇಳಿಯಬಾರದು. ಗಡಿಯಾರದಮ್ಮ ಮದುವೆಯಾಗಿ ಬಂದ ಹೊಸತರಲ್ಲೇ ಅತ್ತೆ ಅವಳನ್ನು ಒಲೆಯ ಮುಂದೆ ನಿಲ್ಲಿಸಿಕೊಂಡು ಹೇಳಿದ್ದಳು.

"ನೋಡು, ಮೊದಲನೇ ಡಿಕಾಕ್ಷನ್ ಬಂದವರಿಗೆ. ಅದೇ ಪುಡಿಗೆ ಇನ್ನೊಂದು ಸಲ ನೀರು ಹಾಕಿ ಇಳಿಸಿದ್ದು ಮನೆಯವರಿಗೆ. ಆಮೇಲೆ ಚರಟ ತೊಳೆದು ಏನು ಬರುತ್ತೋ ಅದು ಮಾಡಿದವಳಿಗೆ. ಮಾಡಿದವಳೇ ಮೊದಲು ಕುಡಿದಳು ಅಂತ ಈ ಮನೆಗೆ ಹೆಸರು ಬರಬಾರದು."

ಅತ್ತೆ ತಾನೂ ಹಾಗೆಯೇ ಕುಡಿದಳು. ಹಾಗೆಯೇ ಕುಡಿಯುತ್ತ ಒಂದು ದಿನ ತೀರಿಹೋದಳು. ಹಿತ್ತಾಳೆಯ ಫಿಲ್ಟರೂ ಮೇಜಿನ ಅಂಚಿಗೆ ತಿರುಪು ಹಾಕಿ ಕೂರಿಸಿದ ಕೈಮಿಷನ್ನೂ ಪದ್ಧತಿಯೂ ಸೊಸೆಯ ಪಾಲಿಗೆ ಬಂದವು.

ಸೊಸೆ ಮೂರನ್ನೂ ಚೆನ್ನಾಗಿ ಇಟ್ಟುಕೊಂಡಳು. ಬೀಜವನ್ನು ಮೊರದಲ್ಲಿ ಹರಡಿ ಒಡಕು, ಹುಳುಕು ಆರಿಸುತ್ತಿದ್ದಳು. ಕಬ್ಬಿಣದ ಬಾಣಲೆಯಲ್ಲಿ ಕೈಬಿಡದೆ ಹುರಿಯುತ್ತಿದ್ದಳು. ಬಣ್ಣ ಬರುವುದಕ್ಕೆ ಇನ್ನೂ ಸ್ವಲ್ಪ ಇದೆ ಎನ್ನುವಾಗಲೇ ಇಳಿಸುತ್ತಿದ್ದಳು, ಉಳಿದ ಬಣ್ಣವನ್ನು ಬಾಣಲೆಯ ಬಿಸಿಯೇ ಕೊಡುತ್ತದೆ ಎಂದು. ಆರಿದ ಬೀಜ ಡಬ್ಬಿಯಲ್ಲಿ ಒಂದು ರಾತ್ರಿ ಕಳೆಯಬೇಕು. ಬೆಳಿಗ್ಗೆ ಬೇಕಾದಷ್ಟೇ ಪುಡಿ. ಪುಡಿಯ ಮೇಲೆ ತೂತಿನ ಬಿಲ್ಲೆ ಇಟ್ಟು, ಮಲಗಿದ ಮಗುವಿನ ತಲೆ ಸವರಿದ ಹಾಗೆ ಒಂದು ಸಲ ಒತ್ತುತ್ತಿದ್ದಳು. ಕುದಿದ ನೀರನ್ನು ಇಳಿಸಿ, ಗುಳ್ಳೆಗಳು ಸುಮ್ಮನಾಗುವವರೆಗೆ ಕಾಯುತ್ತಿದ್ದಳು. ಆಮೇಲೆ ಸುತ್ತಲೂ ಸಣ್ಣಗೆ ಸುರಿದು ಮುಚ್ಚಳ ಮುಚ್ಚಿದಳೆಂದರೆ ಫಿಲ್ಟರನ್ನು ಯಾರೂ ಮುಟ್ಟುವಂತಿಲ್ಲ. ಅವಸರಕ್ಕೆ ತಟ್ಟಿದರೆ ಡಿಕಾಕ್ಷನ್ ಬೇಗ ಇಳಿಯುತ್ತದೆ, ಜೊತೆಗೆ ಕಹಿಯೂ ಇಳಿಯುತ್ತದೆ.

ಬಂದವರು ಕುಡಿಯುತ್ತಿದ್ದರು. ಗಿರಾಕಿಯ ಎದುರು ಕೂತ ಗಂಡನಿಗೂ ಅದರಲ್ಲೇ ಒಂದು ಲೋಟ. ಬಂದವರು "ಆಹಾ" ಅನ್ನುತ್ತಿದ್ದರು. ಗಂಡ ಏನೂ ಅನ್ನುತ್ತಿರಲಿಲ್ಲ. ಅವನು ಮಾತು ಕಡಿಮೆಯ ಮನುಷ್ಯ. "ಹೇಗಿದೇರೀ?" ಎಂದು ಕೇಳಿದರೆ ಭೂತಗನ್ನಡಿ ತೆಗೆಯದೆ "ಹ್ಞೂಂ" ಎನ್ನುತ್ತಿದ್ದ. ಕೆಟ್ಟ ಗಡಿಯಾರಕ್ಕೂ ಅವನು ಹೇಳುತ್ತಿದ್ದದ್ದು ಅದೇ "ಹ್ಞೂಂ".

ಹೊಗಳಿದವರಿಗೆ ಗಡಿಯಾರದಮ್ಮ ಪರದೆಯ ಹಿಂದಿನಿಂದಲೇ ಉತ್ತರ ಕೊಡುತ್ತಿದ್ದಳು. "ಅಯ್ಯೋ, ಬಿಡೀಪ್ಪ. ಏನೋ ಒಂದು ಬಿಸಿನೀರು." ಅವಳು ಅದನ್ನು ವಿನಯಕ್ಕೆಂದು ಹೇಳುತ್ತಿರಲಿಲ್ಲ, ನಿಜವೆಂದೇ ತಿಳಿದಿದ್ದಳು. ಅವಳ ಲೋಟಕ್ಕೆ ಬರುತ್ತಿದ್ದದ್ದು ಬಿಸಿನೀರೇ.

ಆ ಊರಿನಲ್ಲಿ ಗಡಿಯಾರಗಳು ಬಹಳ ಕೆಡುತ್ತಿದ್ದವು. ಅಂಚೆ ಕಚೇರಿಯವನು ಬರುತ್ತಿದ್ದ. "ಯಾಕೋ ಸ್ವಲ್ಪ ಹಿಂದೆ ಬೀಳ್ತಿದೆ, ನೋಡಿ." ಕಾಲೇಜಿನ ಮೇಷ್ಟ್ರು ಬರುತ್ತಿದ್ದರು. "ಒಂದೊಂದ್ಸಲ ನಿಂತ ಹಾಗೆ ಅನ್ಸುತ್ತೆ." ದರ್ಜಿ ತನ್ನ ಗೋಡೆ ಗಡಿಯಾರವನ್ನೇ ಬಗಲಲ್ಲಿ ಇಟ್ಟುಕೊಂಡು ಬರುತ್ತಿದ್ದ. ಗಂಡ ಹಿಂಬದಿಯ ಮುಚ್ಚಳ ತೆಗೆದು ಒಂದು ಸಲ ಉಫ್ ಎಂದು ಊದುತ್ತಿದ್ದ. ಮುಚ್ಚಿ ತನ್ನ ಕಿವಿಗೆ ಹಿಡಿಯುತ್ತಿದ್ದ. "ಸರಿಯಾಯ್ತು" ಎಂದು ಕೊಡುತ್ತಿದ್ದ. ದುಡ್ಡು ಬೇಡ ಎನ್ನುತ್ತಿದ್ದ. ಅಷ್ಟು ಹೊತ್ತಿಗೆ ಕಾಫಿ ಮುಗಿದಿರುತ್ತಿತ್ತು.

"ಪಾಪ, ಈ ಊರಿನ ಗಡಿಯಾರಕ್ಕೆಲ್ಲ ಏನಾಗಿದೇರೀ?" ಎಂದು ಗಡಿಯಾರದಮ್ಮ ಕೇಳುತ್ತಿದ್ದಳು.

"ಧೂಳು" ಎನ್ನುತ್ತಿದ್ದ ಗಂಡ.

ಹೀಗಿರುವಾಗ ಬೀದಿಯ ಕೊನೆಯಲ್ಲಿ ಗಾಜಿನ ಬಾಗಿಲಿನ ಒಂದು ಕಾಫಿ ಮನೆ ತೆರೆಯಿತು. ಒಳಗೆ ಮೆತ್ತನೆಯ ಕುರ್ಚಿಗಳು. ಪಿಂಗಾಣಿ ಬಟ್ಟಲುಗಳು. ನೊರೆಯ ಮೇಲೆ ಎಲೆಯ ಚಿತ್ರ. ಪಕ್ಕದ ಮನೆಯ ಟೀಚರಮ್ಮ ಒಂದು ಸಂಜೆ ಗಡಿಯಾರದಮ್ಮನನ್ನು ಎಳೆದುಕೊಂಡು ಹೋದಳು. "ಬನ್ರೀ, ಬಂದವರಿಗೆಲ್ಲ ನೀವು ಮಾಡಿ ಕೊಡ್ತೀರಿ. ಒಂದಿನ ನಮಗೂ ಯಾರಾದ್ರೂ ಮಾಡಿ ಕೊಡಲಿ."

ಗಡಿಯಾರದಮ್ಮ ಅಂಚಿನಲ್ಲಿ ಕೂತಳು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು. ಕಣ್ಣು ತಾನಾಗಿಯೇ ಮುಚ್ಚಿತು. ಬಟ್ಟಲನ್ನು ಕೊನೆಯ ಹನಿಯವರೆಗೆ ಕುಡಿದಳು.

"ಕಾಫಿ ಅಂದ್ರೆ ಇದು ಕಣ್ರೀ" ಎಂದಳು ಆಮೇಲೆ.

ಟೀಚರಮ್ಮ ಮುಖ ಕಿವಿಚಿದಳು. "ಏನೋ, ಪರವಾಗಿಲ್ಲ. ನಿಮ್ಮನೇದರ ಮುಂದೆ ಇದು ಯಾವ ಲೆಕ್ಕ?"

"ಸುಮ್ನಿರಿ ಟೀಚರಮ್ಮ. ಬಾಯಿಮಾತಿಗೆ ಹೇಳ್ಬೇಡಿ. ನಮ್ಮನೇದು ನಾನು ದಿನಾ ಕುಡೀತೀನಿ, ನನಗೊತ್ತಿಲ್ವಾ?"

ಆ ದಿನದಿಂದ ಅವಳು ವಾರಕ್ಕೊಂದು ಸಲ ಅಲ್ಲಿಗೆ ಹೋಗಿ ಕುಡಿಯತೊಡಗಿದಳು. ಒಂದೊಂದು ಸಲ ಹೋಗಿಬಂದ ಮೇಲೂ ಮನೆಯ ಫಿಲ್ಟರು ಅವಳ ಕಣ್ಣಿಗೆ ಇನ್ನಷ್ಟು ಸಣ್ಣದಾಗಿ ಕಂಡಿತು. ಪರದೆಯ ಆಚೆಗೆ ಲೋಟ ಚಾಚುವಾಗ ಕೈ ಹಿಂಜರಿಯಿತು. ಇಷ್ಟು ವರ್ಷ ಇಷ್ಟು ಜನಕ್ಕೆ ಏನು ಕುಡಿಸಿದೆನೋ, ಮರ್ಯಾದೆಗೆ ಯಾರೂ ಹೇಳಲಿಲ್ಲ ಎಂದುಕೊಂಡಳು. "ಆಹಾ" ಎಂದವರ ಮೇಲೆ ಅವಳಿಗೆ ಕನಿಕರ ಬಂತು.

ಆ ಊರಿನ ಮಾರುಕಟ್ಟೆಯ ನಡುವೆ ಒಂದು ಗಡಿಯಾರದ ಗೋಪುರವಿತ್ತು. ಅದರ ಗಡಿಯಾರ ನಿಂತು ಎಷ್ಟು ಕಾಲವಾಗಿತ್ತೆಂದರೆ, ಅದು ಬಾರಿಸಿದ್ದನ್ನು ಕೇಳಿದವರೆಲ್ಲ ಮುದುಕರಾಗಿದ್ದರು. ಹೊರಗಿನಿಂದ ಬಂದು ನೋಡಿದವರೆಲ್ಲ ಆಗುವುದಿಲ್ಲ ಎಂದು ಹೋಗಿದ್ದರು. ಗಡಿಯಾರದಮ್ಮನ ಗಂಡ ಅದನ್ನು ಬಿಚ್ಚಿದ. ಸವೆದ ಹಲ್ಲಿನ ಚಕ್ರಗಳನ್ನು ಕೈಯಲ್ಲೇ ಮಾಡಿ ಕೂರಿಸಿದ. ಅವನ ಬಾಳಿನ ದೊಡ್ಡ ಕೆಲಸ ಅದು. ಅದಕ್ಕೆ ಚಾಲನೆ ಕೊಡುವ ದಿನ ಗೊತ್ತಾಯಿತು. ಅವನಿಗೆ ಕೆಲಸ ಕಲಿಸಿದ ಮುದುಕ ಉಸ್ತಾದರು ದೂರದ ಊರಿನಿಂದ ಬರುವವರಿದ್ದರು. ಪುರಸಭೆಯ ಅಧ್ಯಕ್ಷರು, ಮೇಷ್ಟ್ರು, ಹಿರಿಯರು, ಎಲ್ಲರೂ ಮೊದಲು ಅಂಗಡಿಗೆ ಬಂದು, ಅಲ್ಲಿಂದ ಗೋಪುರಕ್ಕೆ ಹೋಗುವುದು ಎಂದಾಯಿತು.

ಬಂದರೆ ಕಾಫಿ ಕೊಡಬೇಕು. ಅದನ್ನು ನೆನೆದು ಗಡಿಯಾರದಮ್ಮನಿಗೆ ಊಟ ಸೇರದಂತಾಯಿತು. ಬೇರೆ ದಿನವಾದರೆ ಸರಿ. ಆದರೆ ಗಂಡ ತಲೆಯೆತ್ತಿ ನಿಲ್ಲುವ ದಿನ, ಅವನ ಗುರುವಿನ ಕೈಗೆ ನನ್ನ ಬಿಸಿನೀರಿನ ಲೋಟ ಕೊಡಲೇ? ನನ್ನ ಕಾಫಿಯಿಂದ ಅವರ ಮಾನ ಹೋಗಬಾರದು ಎಂದು ನಿಶ್ಚಯಿಸಿದಳು. ಯಾರಿಗೂ ಹೇಳದೆ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

ಕಾಫಿ ಮನೆಯ ಯಜಮಾನ ಎದ್ದು ನಿಂತು ನಮಸ್ಕಾರ ಮಾಡಿದ. ಅವನೂ ಹಿಂದೆ ಗಡಿಯಾರ ಹಿಡಿದು ಅಂಗಡಿಗೆ ಬಂದವನೇ.

"ನಿಮ್ಮ ವಾಚು ಸರಿಹೋಯ್ತಾ?" ಎಂದು ಅವಳು ವಿಚಾರಿಸಿದಳು. "ಪಾಪ, ಎಷ್ಟು ಸಲ ತಂದ್ರಿ."

"ಅದು ಯಾವತ್ತೂ ಕೆಟ್ಟಿರಲಿಲ್ಲಮ್ಮ" ಎಂದ ಯಜಮಾನ.

ಏನು ಮಾತೋ ಎಂದುಕೊಂಡು ಅವಳು ಬಂದ ಕೆಲಸ ಹೇಳಿದಳು. ದೊಡ್ಡ ಫ್ಲಾಸ್ಕುಗಳಲ್ಲಿ ಕಾಫಿ ಬೇಕು. ಇಂಥ ದಿನ, ಬೆಳಿಗ್ಗೆ.

"ಅದಕ್ಕೇನಂತೆ? ಯಾರ ಮನೆಗೆ ಕಳಿಸ್ಲಿ?"

"ನಮ್ಮನೆಗೇ."

ಯಜಮಾನ ಅವಳ ಮುಖ ನೋಡಿದ. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ತಲೆಯಾಡಿಸಿದ. "ಊರಲ್ಲಿ ಯಾರ ಮನೆಗೆ ಬೇಕಾದ್ರೂ ಕಳಿಸ್ತೀನಮ್ಮ. ನಿಮ್ಮನೆಗೆ ಮಾತ್ರ ಆಗಲ್ಲ."

"ಯಾಕೆ? ನಾವು ದುಡ್ಡು ಕೊಡಲ್ವಾ?"

"ದುಡ್ಡಿನ ಮಾತಲ್ಲ. ಮರ್ಯಾದೆ ಪ್ರಶ್ನೆ."

"ಯಾರ ಮರ್ಯಾದೆ?"

"ನನ್ನದು" ಎಂದ ಯಜಮಾನ.

ಗಡಿಯಾರದಮ್ಮನ ಮುಖ ಸಣ್ಣದಾಯಿತು. ಪರದೆ ಕಟ್ಟಿದ ಮನೆಗೆ ಪಿಂಗಾಣಿಯ ಕಾಫಿ ಕಳಿಸಿದರೆ ಇವನ ಗೌರವ ಕಡಿಮೆಯಾಗುತ್ತದೆ ಎಂದೇ ಅವಳಿಗೆ ಕೇಳಿಸಿತು. ತಿರುಗಿ ನೋಡದೆ ಬಂದುಬಿಟ್ಟಳು. ಬಂದವಳು ನೇರ ಟೀಚರಮ್ಮನ ಮನೆಗೆ ಹೋದಳು.

"ನಿಮ್ಮನೆಗೆ ಅಂತ ಹೇಳಿ ತರಿಸ್ಕೊಡಿ. ನಿಮಗೆ ಕೈ ಮುಗೀತೀನಿ."

"ನಿಮಗೇನು ಹುಚ್ಚಾ?" ಎಂದಳು ಟೀಚರಮ್ಮ. ಗಡಿಯಾರದಮ್ಮನ ಕಣ್ಣಲ್ಲಿ ನೀರಾಡಿತು. ಟೀಚರಮ್ಮ ಆಗಲಿ ಎಂದಳು, ಮನಸ್ಸಿಲ್ಲದೆ.

ಆ ದಿನ ಬಂತು. ಅಂಗಡಿ ತುಂಬಿತು. ಕುರ್ಚಿ ಸಾಲದೆ ದರ್ಜಿ ತನ್ನ ಅಂಗಡಿಯ ಬೆಂಚು ಹೊತ್ತು ತಂದ. ಉಸ್ತಾದರನ್ನು ನಡುವೆ ಕೂರಿಸಿದರು. ಬಿಳಿ ಗಡ್ಡ, ನಡುಗದ ಕೈ. ಗಡಿಯಾರದಮ್ಮ ಫ್ಲಾಸ್ಕಿನ ಕಾಫಿಯನ್ನು ತನ್ನ ಮನೆಯ ಹಿತ್ತಾಳೆ ಲೋಟಗಳಿಗೆ ಬಗ್ಗಿಸಿ ಪರದೆಯ ಆಚೆಗೆ ಚಾಚಿದಳು. ಈ ಸಲ ಅವಳ ಕೈ ಹಿಂಜರಿಯಲಿಲ್ಲ. ಇವತ್ತು ಒಳ್ಳೆಯ ಕಾಫಿ ಕೊಡುತ್ತಿದ್ದೇನೆ ಎಂದು ಧೈರ್ಯವಾಗಿ ನಿಂತು ಕಿವಿ ಕೊಟ್ಟಳು.

ಯಾರೂ "ಆಹಾ" ಅನ್ನಲಿಲ್ಲ.

ಲೋಟ ಕೆಳಗಿಟ್ಟ ಸದ್ದು ಕೇಳಿತು. ಇನ್ನೊಂದು ಲೋಟ ಇಟ್ಟ ಸದ್ದು. ಯಾರೋ ಕೆಮ್ಮಿದರು. ಅಂಚೆ ಕಚೇರಿಯವನು ಪರದೆಯ ಹತ್ತಿರ ಬಂದು ಮೆಲ್ಲಗೆ ಕೇಳಿದ. "ಅಮ್ಮಾ, ಮೈಗೆ ಹುಷಾರಿಲ್ವಾ?"

ಅವಳಿಗೆ ಏನೂ ಅರ್ಥವಾಗಲಿಲ್ಲ. ಆಗ ಉಸ್ತಾದರ ದನಿ ಕೇಳಿತು. "ಬೇಟಾ, ಇದು ಯಾರ ಕೈಯದು?"

ಗಂಡ ಪರದೆಯ ಕಡೆ ನೋಡಿದ. ಅವಳು ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬೀದಿ ಕೊನೇ ಕಾಫಿ ಮನೇದು" ಎಂದಳು. "ನನ್ನ ಕಾಫಿ ನಿಮಗೆಲ್ಲ ಕೊಡೋ ಹಾಗಿರಲ್ಲ. ಅದಕ್ಕೇ."

ಉಸ್ತಾದರು ಲೋಟವನ್ನು ಪಕ್ಕಕ್ಕಿಟ್ಟರು.

"ನಾನು ಇಷ್ಟು ದೂರ ಬಂದದ್ದು ಗೋಪುರ ನೋಡೋಕೆ ಅಂದ್ಕೊಂಡ್ಯಾ ತಾಯಿ? ಅದು ಓಡುತ್ತೆ ಅಂತ ನನಗೆ ಅಲ್ಲೇ ಗೊತ್ತಿತ್ತು. ಇವನ ಕೈಗೆ ಕೆಲಸ ಕಲಿಸಿದವನು ನಾನು. ಇವನು ನನ್ನ ನೋಡೋಕೆ ಬಂದಾಗಲೆಲ್ಲ ಒಂದೇ ಮಾತು. ಉಸ್ತಾದ್, ನಮ್ಮನೇಲೊಂದು ಕಾಫಿ ಇದೆ, ಬದುಕಿರೋವಾಗ ಒಂದ್ಸಲ ಬಂದು ಕುಡೀರಿ. ಅದಕ್ಕೆ ಬಂದೆ ನಾನು."

ಗಡಿಯಾರದಮ್ಮ ಗಂಡನ ಕಡೆ ತಿರುಗಿದಳು. ಗಂಡ ನೆಲ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

"ನನ್ನ ಹತ್ರ ಬರೀ ಹ್ಞೂಂ ಅಂತಿದ್ರಲ್ರೀ" ಎಂದಳು.

"ಹ್ಞೂಂ" ಎಂದ ಗಂಡ.

ನಗು ಎದ್ದಿತು. ಅವಳು ಒಳಗೆ ಹೋದಳು. ಹಿಂದಿನ ದಿನ ಅಭ್ಯಾಸಬಲದಿಂದ ಹುರಿದಿಟ್ಟ ಬೀಜ ಡಬ್ಬಿಯಲ್ಲಿತ್ತು. ಕೈಮಿಷನ್ನಿಗೆ ಹಾಕಿ ತಿರುಗಿಸಿದಳು. ಆ ಗರಗರ ಸದ್ದು ಪರದೆ ದಾಟಿದ ಕೂಡಲೇ ಅಂಗಡಿಯಲ್ಲಿ ಎಲ್ಲರೂ ನೆಟ್ಟಗೆ ಕೂತರು. ಪುಡಿ ತುಂಬಿದಳು. ಬಿಲ್ಲೆ ಒತ್ತಿದಳು. ನೀರು ಕುದಿದು, ಕುದಿ ಇಳಿದು, ಗುಳ್ಳೆ ಸುಮ್ಮನಾಯಿತು. ಸುರಿದು ಮುಚ್ಚಿದಳು.

ಹನಿ ಬೀಳತೊಡಗಿತು. ಹನಿ ತನ್ನ ಪಾಡಿಗೆ ತಾನು ಬೀಳುತ್ತದೆ. ಅಧ್ಯಕ್ಷರು ಎದ್ದು ನಿಂತು ಕೈಯ ವಾಚು ನೋಡಿಕೊಂಡರು. "ಗೋಪುರದ ಹತ್ರ ಜನ ಸೇರಿದಾರೆ. ಹೊತ್ತು ಮೀರ್ತಾ ಇದೆಯಲ್ಲ?"

ಒಂದು ಸಲ ತಟ್ಟಿದರೆ ಬೇಗ ಇಳಿಯುತ್ತದೆ. ಅವಳ ಬೆರಳು ಫಿಲ್ಟರಿನ ಹತ್ತಿರ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಇಷ್ಟು ವರ್ಷ ನಿಂತಿದ್ದ ಗಡಿಯಾರ" ಎಂದರು ಉಸ್ತಾದರು ಆಚೆಯಿಂದ. "ಇನ್ನೊಂದು ಸ್ವಲ್ಪ ಹೊತ್ತು ನಿಂತ್ಕೊಳ್ಲಿ ಸಾಹೇಬ್ರೇ. ಅದಕ್ಕೇನು ಕಾಲು ನೋಯುತ್ತಾ?"

ಅಧ್ಯಕ್ಷರು ಕೂತರು. "ಅದೂ ಸರಿ. ನನ್ನ ವಾಚು ಹೇಗೂ ಮುಂದೆ ಓಡುತ್ತೆ. ಎಷ್ಟು ಸಲ ತಂದು ತೋರಿಸಿದ್ದೀನಿ."

"ನಿಮ್ಮ ವಾಚು ಯಾವತ್ತೂ ಸರಿಯಾಗೇ ಇತ್ತು ಸಾರ್" ಎಂದ ಗಡಿಯಾರದಮ್ಮನ ಗಂಡ. ಒಂದು ಸಲ ಬಾಯಿ ತೆರೆದವನು ಮುಂದುವರಿಸಿದ. "ಮೇಷ್ಟ್ರದೂ ಸರಿಯಾಗಿತ್ತು. ಅಂಚೆಯಣ್ಣನದೂ. ಈ ದರ್ಜಿಯ ಗೋಡೆ ಗಡಿಯಾರದಲ್ಲಿ ಊದೋಕೂ ಧೂಳಿರಲಿಲ್ಲ."

ಅಂಗಡಿ ನಕ್ಕಿತು. ದರ್ಜಿ ಎಲ್ಲರಿಗಿಂತ ಜೋರಾಗಿ ನಕ್ಕ. ಪರದೆಯ ಹಿಂದೆ ಗಡಿಯಾರದಮ್ಮ ಸೌಟು ಹಿಡಿದು ನಿಂತಲ್ಲೇ ನಿಂತಳು. ಇಷ್ಟು ವರ್ಷಗಳ ಗಡಿಯಾರಗಳೆಲ್ಲ ಒಟ್ಟಿಗೆ ಅವಳ ಕಣ್ಣ ಮುಂದೆ ಬಂದವು. ಯಾವುದೂ ಕೆಟ್ಟಿರಲಿಲ್ಲ. ಹಾಗಾದರೆ ಇವರೆಲ್ಲ ಯಾಕೆ ಬರುತ್ತಿದ್ದರು?

ಹಾಲು ಒಂದು ಉಕ್ಕು ಬಂತು. ಇಳಿಸಿದಳು. ಡಿಕಾಕ್ಷನ್ ಬೆರೆಸಿ, ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಸುರಿದಳು. ನೊರೆ ತುಂಬಿತು. ಮೊದಲ ಲೋಟ ತಾನೇ ತಂದು ಉಸ್ತಾದರ ಮುಂದೆ ಹಿಡಿದಳು.

ಉಸ್ತಾದರು ಕೈ ಚಾಚಲಿಲ್ಲ. "ನೀನು ಕುಡಿ" ಎಂದರು.

"ಅಯ್ಯಯ್ಯೋ, ಎಲ್ಲಾದ್ರೂ ಉಂಟಾ? ಬಂದವರಿಗೆ ಮೊದಲು. ನಮ್ಮತ್ತೆ ಇದ್ದಿದ್ರೆ…"

"ನಿಮ್ಮತ್ತೆ ದೊಡ್ಡವರು. ಆದ್ರೆ ನನ್ನ ಅಂಗಡೀದೂ ಒಂದು ಪದ್ಧತಿ ಇದೆ ತಾಯಿ. ರಿಪೇರಿ ಮಾಡಿದ ಗಡಿಯಾರನ ನನ್ನ ಕಿವಿಗೆ ಹಿಡೀದೆ ನಾನು ಯಾವತ್ತೂ ಗಿರಾಕಿ ಕೈಗೆ ಕೊಟ್ಟೋನಲ್ಲ. ನಿನ್ನ ಗಂಡನ್ನ ಕೇಳು. ಹಿಡೀದೆ ಕೊಟ್ಟ ಅಂತ ಒಂದ್ಸಲ ಇವನ ಕಿವೀನೇ ಹಿಂಡಿದ್ದೆ."

ಗಂಡ ತಲೆಯಾಡಿಸಿದ. ಉಳಿದವರು ನೋಡುತ್ತಿದ್ದರು. ಗಡಿಯಾರದಮ್ಮ ಲೋಟವನ್ನು ಎತ್ತಿ ಒಂದು ಗುಟುಕು ಕುಡಿದಳು.

ಮೊದಲು ಅವಳು ಲೋಟದೊಳಗೆ ನೋಡಿದಳು, ಬೇರೆ ಯಾರದೋ ಲೋಟವೇನೋ ಎನ್ನುವ ಹಾಗೆ. ಇನ್ನೊಂದು ಗುಟುಕು ಕುಡಿದಳು. ಹುರಿಯುವಾಗ ಬಾಣಲೆಯಿಂದ ಏಳುತ್ತಿದ್ದ ವಾಸನೆಯನ್ನು ಅವಳು ಎಷ್ಟೋ ಸಾವಿರ ಸಲ ಉಸಿರೆಳೆದಿದ್ದಳು. ಅದು ಇಲ್ಲಿಗೆ ಬಂದು ಸೇರುತ್ತಿತ್ತು ಎಂದು ಅವಳಿಗೆ ಗೊತ್ತಿರಲಿಲ್ಲ. ಕಹಿ ಇತ್ತು, ಚುಚ್ಚಲಿಲ್ಲ. ಹಾಲಿನ ಹಿಂದೆ ನಿಂತು ಮೆಲ್ಲಗೆ ಮುಂದೆ ಬಂತು. ನುಂಗಿದ ಮೇಲೂ ಹೋಗಲಿಲ್ಲ. ಅತ್ತೆ ನೆನಪಾದಳು. ಅತ್ತೆ ಇದನ್ನು ಒಂದು ಸಲ ಕುಡಿಯಬೇಕಿತ್ತು.

ಅವಳು ನಿಂತೇ ಕುಡಿದಳು. ಪೂರ್ತಿ ಲೋಟ ಕುಡಿದಳು. ಉಸ್ತಾದರು ಕಾದರು, ಅಧ್ಯಕ್ಷರು ಕಾದರು, ಗೋಪುರ ಕಾಯಿತು.

"ಹೇಗಿದೆ?" ಎಂದರು ಉಸ್ತಾದರು.

ಬಾಯಿಗೆ "ಬಿಸಿನೀರು" ಎಂಬ ಮಾತು ಬಂದಿತ್ತು. ಅದು ಸುಳ್ಳು ಎಂದು ಅವಳಿಗೆ ಈಗ ಗೊತ್ತಿತ್ತು.

"ಚೆನ್ನಾಗಿದೆ" ಎಂದಳು. ಅಷ್ಟು ಸಾಲದು ಅನ್ನಿಸಿತು. ಬೆನ್ನು ನೆಟ್ಟಗೆ ಮಾಡಿ ನಿಂತಳು. "ಕಾಫಿ ಅಂದ್ರೆ ಇದು."

ಹೇಳಿದವಳಿಗೆ ಗಾಜಿನ ಬಾಗಿಲು ನೆನಪಾಯಿತು, ಯಜಮಾನನ ಮಾತು ನೆನಪಾಯಿತು. ಅವನು ಯಾವ ಮರ್ಯಾದೆಯ ಮಾತು ಹೇಳಿದ್ದ ಎಂಬುದು ಈಗ ತಿಳಿಯಿತು. ಅಷ್ಟು ಸಲ ಕೆಡದ ವಾಚು ಹಿಡಿದು ಬಂದು ಅವನು ಏನು ಕಲಿಯಲು ನೋಡಿದ್ದ ಎಂಬುದೂ ತಿಳಿಯಿತು. ನಗು ತಡೆಯಲಾಗಲಿಲ್ಲ.

"ಪಾಪ, ಅವನೂ ಈ ರುಚಿ ಹತ್ತಿರ ಬಂದಿದಾನೆ" ಎಂದಳು.

ಎಲ್ಲರಿಗೂ ಕೊಟ್ಟಳು. "ಆಹಾ" ಬಂತು. ಅವಳು ಪರದೆಯ ಹಿಂದೆ ಹೋಗಲಿಲ್ಲ. ನಿಂತು ಕೇಳಿಸಿಕೊಂಡಳು. ಉಸ್ತಾದರು ಕೊನೆಯ ಗುಟುಕು ಮುಗಿಸಿ ಲೋಟವನ್ನು ಕಿವಿಯ ಹತ್ತಿರ ಹಿಡಿದು ಕಣ್ಣು ಮಿಟುಕಿಸಿದರು. "ಸರಿಯಾಗಿದೆ. ದುಡ್ಡು ಬೇಡ."

ಆಮೇಲೆ ಎಲ್ಲರೂ ಗೋಪುರಕ್ಕೆ ಹೋದರು. ಗಡಿಯಾರ ಹೊತ್ತು ಮೀರಿಯೇ ಶುರುವಾಯಿತು. ಅದು ಮೊದಲ ಸಲ ಬಾರಿಸಿದಾಗ ಗಂಡ ತಲೆಯೆತ್ತಿ ನಿಂತಿದ್ದ. ಹೆಂಡತಿಯೂ ಹಾಗೆಯೇ ನಿಂತಿದ್ದಳು. ಅವಳು ತಲೆಯೆತ್ತಿದ್ದು ಗಂಡನ ಗಡಿಯಾರಕ್ಕೆ ಮಾತ್ರ ಅಲ್ಲ.

ಮಾರನೆಯ ದಿನದಿಂದ ಗಡಿಯಾರದಮ್ಮ ಬೆಳಿಗ್ಗೆ ಒಂದು ಪುಟ್ಟ ಬಟ್ಟಲಲ್ಲಿ ಮೊದಲನೇ ಡಿಕಾಕ್ಷನ್ನಿನ ಕಾಫಿ ತಾನು ಕುಡಿದು ನೋಡುತ್ತಿದ್ದಳು. ಆಮೇಲೆ ಉಳಿದವರಿಗೆ. ಚೆನ್ನಾಗಿದೆ ಎಂದವರಿಗೆ "ಹೌದು, ಇವತ್ತು ಬಂದಿದೆ" ಎನ್ನುತ್ತಿದ್ದಳು. ಒಂದೊಂದು ದಿನ, ಅವರು ಬಾಯಿ ತೆರೆಯುವ ಮುಂಚೆಯೇ, "ಇವತ್ತು ಹುರಿದದ್ದು ಒಂದು ಚೂರು ಜಾಸ್ತಿಯಾಗಿದೆ, ನಾಳೆ ಬನ್ನಿ" ಎನ್ನುತ್ತಿದ್ದಳು. ಮೊದಲು ಹಾಗೆ ಹೇಳಲು ಅವಳಿಗೆ ಆಗುತ್ತಿರಲಿಲ್ಲ. ಒಳ್ಳೆಯ ದಿನ ಯಾವುದು, ಕೆಟ್ಟ ದಿನ ಯಾವುದು ಎಂದು ಬೇರೆಯವರಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಗಾಜಿನ ಬಾಗಿಲಿನೊಳಗೆ ಅವಳು ಮತ್ತೆ ಕಾಫಿ ಕೊಳ್ಳಲಿಲ್ಲ. ಒಂದು ಸಲ ಮಾತ್ರ ಆ ಕಡೆ ಹೋದಾಗ, ಬಾಗಿಲು ಅರ್ಧ ತೆಗೆದು ಯಜಮಾನನಿಗೆ ಹೇಳಿದಳು. "ಕುದೀತಿರೋ ನೀರು ಹಾಕ್ಬೇಡಿ. ಕುದಿ ಇಳೀಲಿ."

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯೆ ಕೇಳಿದಳು: "ಹಾಗಾದರೆ ಗುರುಗಳೇ, ಆ ಊರಿನವರಿಗೆ ನಾನು ಏನು ಹೇಳಿಕಳಿಸಲಿ?"

ಗುರುಗಳು ತಂಬೂರಿಯನ್ನು ಎತ್ತಿ ಅವಳ ಕೈಗೆ ಕೊಟ್ಟರು.

"ಅದು ಆಮೇಲೆ. ನಿನ್ನ ಹಾಡನ್ನು ನೀನು ಒಂದು ದಿನವಾದರೂ ಕೇಳಿದ್ದೀಯಾ, ಮಗಳೇ?"